ಬೆಂಜಮಿನ್ ಫ್ರಾಂಕ್ಲಿನ್ನನೂ ಅವನ ವಿದ್ಯುತ್ ವಿನೋದಗಳೂ

ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರನ್ನು ಕೇಳದ ವಿದ್ಯಾರ್ಥಿನಿಯು ನಮ್ಮಲ್ಲಿ ವಿರಳ. ಗುಡುಗುವ ಮೋಡಗಳೊಳಕ್ಕೆ ಗಾಳಿಪಟವನ್ನು ಹಾರಿಸಿ, ಆಕಾಶದ ಮಿಂಚೂ ಗಾಜಿನ ಕೊಳವೆಯನ್ನು ಉಜ್ಜಿದಾಗ ಹಾರುವ ಕಿಡಿಯೂ ಒಂದೇ ಎಂದು ತೋರಿಸಿಕೊಟ್ಟ ಅಮೆರಿಕದ ಮಹನೀಯನೆಂದು ಅವನನ್ನು ಪಾಠದ ಪುಸ್ತಕಗಳಲ್ಲಿ ಓದಿದ್ದೇವೆ. ಆದರೆ ಆ ಗಾಳಿಪಟಕ್ಕಿಂತ ಸುಮಾರು ಒಂದೂವರೆ ವರುಷ ಮುಂಚೆ, ಕ್ರಿಸ್ಮಸ್ಸಿಗೆ ಎರಡು ದಿನಗಳಿರುವಾಗ, ಇದೇ ಮಹನೀಯನು ಸ್ನೇಹಿತರ ಎದುರಿನಲ್ಲಿ ಒಂದು ಟರ್ಕಿ ಕೋಳಿಯನ್ನು ವಿದ್ಯುತ್ತಿನಿಂದ ಕೊಲ್ಲಹೋಗಿ ತಾನೇ ಪ್ರಾಣವನ್ನು ಕಳೆದುಕೊಳ್ಳುವಂತಾದ ಸಂಗತಿಯು ಆ ಪುಸ್ತಕಗಳಲ್ಲಿ ಕಾಣಬರುವುದಿಲ್ಲ. ಅವನ ಜೀವಿತವನ್ನು ಬರೆದವರಲ್ಲಿ ಅನೇಕರು ರಾಜಕಾರ್ಯಗಳ ವರ್ಣನೆಯಲ್ಲಿ ನೂರಾರು ಪುಟಗಳನ್ನು ಕಳೆದು, ಈ ಸಂಗತಿಯನ್ನು ನಗೆಯ ಮಾತಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾವು ಇಲ್ಲಿ ಕ್ರಮವನ್ನು ತಿರುಗಿಸಿ, ರಾಜಕಾರ್ಯಗಳನ್ನು ಬೇಗನೆ ದಾಟಿ, ಆ ರಾತ್ರಿಯ ಬಳಿಯಲ್ಲಿ ತುಸು ಹೊತ್ತು ನಿಲ್ಲೋಣ.

ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ನೆಯ ತಾರೀಖು ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ಜೋಸಾಯ ಫ್ರಾಂಕ್ಲಿನ್ನನು ಇಂಗ್ಲೆಂಡಿನಿಂದ ಬಂದು ನೆಲಸಿ, ಮೊಂಬತ್ತಿಯನ್ನೂ ಸಾಬೂನನ್ನೂ ತಯಾರಿಸಿ ಜೀವನ ಸಾಗಿಸುತ್ತಿದ್ದನು. ಆತನಿಗೆ ಇಬ್ಬರು ಹೆಂಡಿರಲ್ಲಿ ಒಟ್ಟು ಹದಿನೇಳು ಮಂದಿ ಮಕ್ಕಳು. ಬೆಂಜಮಿನ್ನನು ಅವರಲ್ಲಿ ಹದಿನೈದನೆಯವನು, ಗಂಡುಮಕ್ಕಳಲ್ಲಿ ಕಡೆಯವನು. ಇಷ್ಟು ದೊಡ್ಡ ಸಂಸಾರದಲ್ಲಿ ವಿದ್ಯೆಗೆ ಹಣವೆಲ್ಲಿಯದು? ಬಾಲಕನು ಸುಮಾರು ಎರಡು ವರುಷ ಮಾತ್ರ ಶಾಲೆಗೆ ಹೋದನು. ಬರವಣಿಗೆಯಲ್ಲಿ ಜಾಣನೆನಿಸಿದನು, ಲೆಕ್ಕದಲ್ಲಿಯಾದರೋ ತೇರ್ಗಡೆಯಾಗಲೇ ಇಲ್ಲ. ಈ ಮಾತನ್ನು ಲೆಕ್ಕದ ಉಪಾಧ್ಯಾಯಿನಿಯರು ಕ್ಷಮಿಸಬೇಕು. ಹತ್ತನೆಯ ವಯಸ್ಸಿಗೆ ತಂದೆಯು ಅವನನ್ನು ಶಾಲೆಯಿಂದ ಬಿಡಿಸಿ ಬತ್ತಿಯ ಕೆಲಸಕ್ಕೆ ಹಚ್ಚಿದನು. ಹನ್ನೆರಡನೆಯ ವಯಸ್ಸಿಗೆ ಹುಡುಗನು ಅಣ್ಣನಾದ ಜೇಮ್ಸನ ಅಚ್ಚುಕೂಟದಲ್ಲಿ ಶಿಷ್ಯವೃತ್ತಿಗೆ ಸೇರಿದನು.

ಅಚ್ಚುಕೂಟದಲ್ಲಿದ್ದಾಗಲೇ ಅವನ ವಿನೋದ ಸ್ವಭಾವವು ಹೊರಬಿದ್ದಿತು. ಹದಿನಾರು ವರುಷದ ಹುಡುಗನ ಬರಹವನ್ನು ಅಣ್ಣನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುವನೇ? ಅದುಕಾರಣ ಅವನು 1722ರಲ್ಲಿ ಒಬ್ಬ ವಿಧವೆಯ ಹೆಸರನ್ನು ಕಲ್ಪಿಸಿಕೊಂಡು, ಅಕ್ಷರದ ಗುರುತು ಸಿಕ್ಕದಂತೆ ಹದಿನಾಲ್ಕು ಪತ್ರಗಳನ್ನು ಬರೆದು, ರಾತ್ರಿ ಹೊತ್ತಿನಲ್ಲಿ ಅಚ್ಚುಕೂಟದ ಬಾಗಿಲಿನ ಸಂದಿಯಿಂದ ಒಳಕ್ಕೆ ತಳ್ಳಿದನು. ಅಣ್ಣನೂ ಅವನ ಮಿತ್ರರೂ ಅವುಗಳನ್ನು ಯಾರೋ ವಿದ್ವಾಂಸರು ಬರೆದುದೆಂದೇ ಹೊಗಳಿದರು. ಆ ಪತ್ರಗಳಲ್ಲೊಂದು ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಡದೆ ಇಟ್ಟು ಅನಂತರ ಅವರನ್ನು ಅಜ್ಞಾನಿಗಳೆಂದು ನಿಂದಿಸುವವರನ್ನು ಕುರಿತು ಬರೆದುದಾಗಿದೆಯೆಂಬುದನ್ನು ಈ ಸಂಚಿಕೆಯ ವಾಚಕಿಯರಿಗೆ ತಿಳಿಸದೆ ಮುಂದಕ್ಕೆ ಹೋಗಲಾರೆವು.

ಅಣ್ಣನ ಹೊಡೆತವನ್ನು ತಾಳಲಾರದೆ 1723ರಲ್ಲಿ ಬೆಂಜಮಿನ್ನನು ಫಿಲಡೆಲ್ಫಿಯಾ ಪಟ್ಟಣಕ್ಕೆ ಓಡಿಹೋದನು. ತರುವಾಯ ಲಂಡನ್ನಿನಲ್ಲಿ ಸುಮಾರು ಒಂದೂವರೆ ವರುಷ ಕೆಲಸ ಮಾಡಿ ಹಿಂದಿರುಗಿ, ಸ್ವಂತ ಅಚ್ಚುಕೂಟವನ್ನು ಸ್ಥಾಪಿಸಿದನು. 1729ರಲ್ಲಿ ಒಂದು ವೃತ್ತಪತ್ರಿಕೆಯನ್ನು ಕೈಗೆ ತೆಗೆದುಕೊಂಡನು. 1730ರಲ್ಲಿ ಡೆಬೊರಾ ರೀಡ್ ಎಂಬವಳನ್ನು ಕೂಡಿ ಸಂಸಾರ ಹೂಡಿದನು. 1731ರಲ್ಲಿ ಮಿತ್ರರೊಡನೆ ಚಂದಾ ಕೂಡಿಸಿ ಒಂದು ಪುಸ್ತಕ ಭಂಡಾರವನ್ನು ತೆರೆದನು. 1732ರ ಕೊನೆಯಿಂದ ಪ್ರತಿವರುಷವೂ ಪಂಚಾಂಗವನ್ನು ಪ್ರಕಟಿಸಿದನು. 1736ರಲ್ಲಿ ಬೆಂಕಿ ಆರಿಸುವವರ ಸಂಘವನ್ನು ಕಟ್ಟಿದನು. ಅವನ ಹಣದ ನೆರವಿನಿಂದ ದಕ್ಷಿಣ ಕೆರೊಲೈನಾದಲ್ಲಿ ಅಚ್ಚುಕೂಟವನ್ನು ನಡೆಯಿಸುತ್ತಿದ್ದವನೊಬ್ಬನು ಸತ್ತಾಗ, ಆತನ ವಿಧವೆಯಾದ ಎಲಿಜಬೆತ್ ತಿಮೊಥಿಯು ಗಂಡನಿಗಿಂತಲೂ ಚೊಕ್ಕಟವಾಗಿ ಲೆಕ್ಕಪತ್ರವನ್ನಿಟ್ಟು ಉದ್ಯೋಗವನ್ನು ಮುಂದುವರಿಸಿದಳು. ಆಕೆಯು ಹಾಲೆಂಡ್ ದೇಶದಲ್ಲಿ ಬೆಳೆದವಳಾದುದರಿಂದ ಲೆಕ್ಕ ಬರೆಯುವುದನ್ನು ಕಲಿತಿದ್ದಳೆಂದೂ, ಎಲ್ಲಾ ಹೆಣ್ಣುಮಕ್ಕಳಿಗೂ ಸಂಗೀತ ನರ್ತನಗಳಿಗಿಂತ ಈ ವಿದ್ಯೆಯು ಹೆಚ್ಚು ಪ್ರಯೋಜನಕರವೆಂದೂ ಫ್ರಾಂಕ್ಲಿನ್ನನು ಆತ್ಮಚರಿತ್ರೆಯಲ್ಲಿ ಹೇಳಿದ್ದಾನೆ. ಹೀಗೆ ದುಡಿದು, ಗಳಿಸಿ, 1748ರಲ್ಲಿ, ಎಂದರೆ ನಾಲ್ವತ್ತೆರಡನೆಯ ವಯಸ್ಸಿನಲ್ಲಿ, ಅಚ್ಚುಕೂಟದ ಭಾರವನ್ನು ಪಾಲುಗಾರನಿಗೆ ವಹಿಸಿ ಬಿಡುವಾದನು.

ಆ ಬಿಡುವನ್ನು ಬಯಸಿದುದು ವಿದ್ಯುತ್ತಿನ ನಿಮಿತ್ತವಾಗಿಯೇ.

ಆ ಕಾಲದಲ್ಲಿ ವಿದ್ಯುತ್ತೆಂದರೆ ದೀಪವಲ್ಲ, ಯಂತ್ರವಲ್ಲ, ದೊಡ್ಡವರ ಮನೆಗಳಲ್ಲಿ ಊಟವಾದ ಮೇಲೆ ನಡೆಯುವ ಆಟ. ಗಾಜಿನ ಕೊಳವೆಯನ್ನು ಬಟ್ಟೆಯಿಂದ ಉಜ್ಜಿದರೆ ಕಾಗದದ ಚೂರುಗಳು ಎದ್ದು ಬರುವುವು, ಕತ್ತಲೆಯಲ್ಲಿ ಕಿಡಿ ಚಟಪಟಗುಟ್ಟುವುದು, ಇಷ್ಟೇ. ಜರ್ಮನಿ ದೇಶದ ವಿಟ್ಟನ್‌ಬರ್ಗಿನ ಪ್ರೊಫೆಸರ್ ಬೋಸೆ ಎಂಬವನು ಒಬ್ಬ ಯುವತಿಯನ್ನು ಅರಗಿನ ಹಲಗೆಯ ಮೇಲೆ ನಿಲ್ಲಿಸಿ ವಿದ್ಯುತ್ತನ್ನು ತುಂಬಿ, ಆಕೆಗೆ ಮುತ್ತಿಡಲು ಬಂದವನ ತುಟಿಗೆ ಕಿಡಿ ತಾಕುವಂತೆ ಮಾಡಿ ನೆರೆದವರನ್ನು ನಗಿಸುತ್ತಿದ್ದನು. ಉಜ್ಜಿ ಪಡೆದ ವಿದ್ಯುತ್ತು ಕೂಡಲೇ ಕಳೆದುಹೋಗುವಷ್ಟು ಅಲ್ಪವಾಗಿದ್ದುದರಿಂದ ಈ ಆಟದಲ್ಲಿ ಅಪಾಯವಿರಲಿಲ್ಲ.

1745ರಲ್ಲಿ ಇದು ಬದಲಾಯಿತು. ಪೊಮರೇನಿಯದ ಫಾನ್ ಕ್ಲೈಸ್ಟ್ ಎಂಬವನೂ, ಅನಂತರ ಹಾಲೆಂಡಿನ ಲೈಡನ್ ಪಟ್ಟಣದ ಪ್ರೊಫೆಸರ್ ಮಸ್ಕೆನ್‌ಬ್ರೂಕನೂ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ, ಗಾಜಿನ ಸೀಸೆಯೊಳಗೆ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು ಕಂಡುಹಿಡಿದರು. ಸೀಸೆಯೊಳಗೆ ನೀರು ಇಲ್ಲವೆ ಲೋಹದ ತಗಡು. ಹೊರಗೆ ಇನ್ನೊಂದು ತಗಡು. ಬೆಂಡಿನ ಮೂಲಕ ಒಳಕ್ಕಿಳಿದ ಒಂದು ತಂತಿ. ಇದಕ್ಕೆ ಲೈಡನ್ ಜಾಡಿಯೆಂದು ಹೆಸರಾಯಿತು. ಸ್ವಲ್ಪ ಸ್ವಲ್ಪವಾಗಿ ಉಜ್ಜಿ ತುಂಬಿದುದೆಲ್ಲವೂ ಒಂದು ಕೈಯಿಂದ ಹೊರಮೈಯನ್ನು ಹಿಡಿದು ಮತ್ತೊಂದರಿಂದ ತಂತಿಯನ್ನು ಮುಟ್ಟಿದವನ ದೇಹದ ಮೂಲಕ ಒಂದೇ ಕ್ಷಣದಲ್ಲಿ ಹರಿಯುವುದು. ಮಸ್ಕೆನ್‌ಬ್ರೂಕನು ಈ ಪೆಟ್ಟನ್ನು ಸ್ವತಃ ತಿಂದು ಬಹಳ ಹೆದರಿ, ಪ್ಯಾರಿಸಿನ ಮಿತ್ರನೊಬ್ಬನಿಗೆ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದೆಂದು ಎಚ್ಚರಿಸಿ ಬರೆದನು. ಆ ಎಚ್ಚರಿಕೆಯೇ ಯೂರೋಪಿನಲ್ಲೆಲ್ಲಾ ಪ್ರಯೋಗದ ಜಾಹೀರಾತಾಯಿತು. 1746ರಲ್ಲಿ ಫ್ರಾನ್ಸಿನ ಪಾದ್ರಿಯಾದ ನೊಲ್ಲೆ ಎಂಬವನು ಹದಿನೈದನೆಯ ಲೂಯಿ ರಾಜನ ಮುಂದೆ 180 ಮಂದಿ ಸಿಪಾಯಿಗಳನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಪೆಟ್ಟಿನಿಂದ ಅವರೆಲ್ಲರೂ ಏಕಕಾಲಕ್ಕೆ ನೆಗೆಯುವಂತೆ ಮಾಡಿದನು. ರಾಜನಿಗೆ ಅತ್ಯಾನಂದವಾಯಿತಂತೆ. ಸಿಪಾಯಿಗಳಿಗೆ ಹೇಗಾಯಿತೆಂಬುದನ್ನು ಯಾರು ಕೇಳಿದರು?

ಫ್ರಾಂಕ್ಲಿನ್ನನು ಮೊದಲು ಇಂಥ ಆಟಗಳನ್ನು ನೋಡಿದುದು 1743ರ ಸುಮಾರಿಗೆ ಬಾಸ್ಟನ್ನಿನಲ್ಲಿ. ಕೆಲವು ವರುಷಗಳಲ್ಲಿ ಲಂಡನ್ನಿನ ವರ್ತಕನೂ ಸಸ್ಯಶಾಸ್ತ್ರಪ್ರಿಯನೂ ಆದ ಪೀಟರ್ ಕಾಲಿನ್ಸನ್ ಎಂಬವನು ಫಿಲಡೆಲ್ಫಿಯಾದ ಪುಸ್ತಕ ಭಂಡಾರಕ್ಕೆ ಒಂದು ಗಾಜಿನ ಕೊಳವೆಯನ್ನು ಕಾಣಿಕೆಯಾಗಿ ಕಳುಹಿಸಿದನು. ಅಂದಿನಿಂದ ಫ್ರಾಂಕ್ಲಿನ್ನನ ಮನೆಯು ಜನರಿಂದ ತುಂಬಿಹೋಯಿತು. ನೋಡಬಂದವರ ಕಾಟವನ್ನು ಕಡಿಮೆ ಮಾಡಲು ಅವನು ಇನ್ನಷ್ಟು ಕೊಳವೆಗಳನ್ನು ಮಾಡಿಸಿ ಮಿತ್ರರಿಗೆ ಹಂಚಿದನಂತೆ. ಎಬೆನೀಜರ್ ಕಿನ್ನರ್ಸ್ಲಿ, ಫಿಲಿಪ್ ಸಿಂಗ್, ಥಾಮಸ್ ಹಾಪ್ಕಿನ್ಸನ್ ಎಂಬ ಮೂವರು ಮಿತ್ರರು ಅವನೊಡನೆ ಪ್ರಯೋಗಕ್ಕೆ ಕುಳಿತರು.

ಇವರು ಕಂಡುಕೊಂಡುದು ಸಾಮಾನ್ಯವಲ್ಲ. ವಿದ್ಯುತ್ತು ಉಜ್ಜುವುದರಿಂದ ಹುಟ್ಟುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ ಮಾತ್ರ; ಒಂದು ಕಡೆ ಹೆಚ್ಚಾದರೆ ಮತ್ತೊಂದು ಕಡೆ ಅಷ್ಟೇ ಕಡಿಮೆಯಾಗುತ್ತದೆ ಎಂದು ಫ್ರಾಂಕ್ಲಿನ್ನನು 1747ರಲ್ಲಿ ಕಾಲಿನ್ಸನ್ನನಿಗೆ ಬರೆದನು. ಇಂದಿಗೂ ನಮ್ಮ ಮಕ್ಕಳು ಬ್ಯಾಟರಿಯ ತುದಿಗಳಲ್ಲಿ ನೋಡುವ ಧನ ಋಣ ಚಿಹ್ನೆಗಳು ಅವನ ಲೆಕ್ಕದಿಂದ ಬಂದುವು (ಲೆಕ್ಕದಲ್ಲಿ ತೇರ್ಗಡೆಯಾಗದಿದ್ದ ಹುಡುಗನೆಂಬುದನ್ನು ಮರೆಯಬಾರದು). ಬ್ಯಾಟರಿ ಎಂಬ ಹೆಸರನ್ನೂ, ಹನ್ನೊಂದು ಕಿಟಕಿಯ ಗಾಜುಗಳನ್ನು ತಗಡಿನೊಡನೆ ಜೋಡಿಸಿದಾಗ, ಅವನೇ ಇಟ್ಟನು.

ಆದರೆ ಅದೇ ಕಾಗದಗಳಲ್ಲಿಯೇ ವಿನೋದಗಳ ವರ್ಣನೆಯೂ ಇದೆ. ಸುಟ್ಟ ಬೆಂಡಿನಿಂದ ಜೇಡನನ್ನು ಮಾಡಿ, ನಾರುನೂಲಿನ ಕಾಲುಗಳನ್ನು ಸಿಕ್ಕಿಸಿ, ರೇಷ್ಮೆಯ ಎಳೆಯಿಂದ ತೂಗಬಿಟ್ಟು, ಜಾಡಿಯ ತಂತಿಗೂ ಇನ್ನೊಂದು ತಂತಿಗೂ ನಡುವೆ ಜೀವವಿದ್ದಂತೆ ಓಡಾಡಿಸಿದರು. ಒಣಹವೆಯಲ್ಲಿ ಆ ಜೇಡವು ಒಂದು ತಾಸಿನವರೆಗೂ ಕಾಲಾಡಿಸುತ್ತಿತ್ತು. ಇದು ನಿರಪಾಯವಾದ ಆಟ. ಬೋಸೆಯ ಮುತ್ತಿನ ಆಟದಲ್ಲಿ ಒಬ್ಬರ ಕೈಗೆ ಜಾಡಿಯನ್ನೂ ಇನ್ನೊಬ್ಬರ ಕೈಗೆ ಅದರ ತಂತಿಯನ್ನೂ ಕೊಟ್ಟು ಪೆಟ್ಟನ್ನು ಅನೇಕ ಪಾಲು ಹೆಚ್ಚಿಸಿದರು. ಇದು ಅಷ್ಟು ನಿರಪಾಯವಲ್ಲ. ಮೂರನೆಯದು, 1749ರ ಏಪ್ರಿಲ್ ತಿಂಗಳ ಕಾಗದದಲ್ಲಿ ಬರುವ ಮಾಯಾಚಿತ್ರ. ಇದು ಕಿನ್ನರ್ಸ್ಲಿಯ ಕೈವಾಡ. ಎರಡನೆಯ ಜಾರ್ಜ್ ದೊರೆಯ ಚಿತ್ರಪಟಕ್ಕೆ ಗಾಜು ಕಟ್ಟಿಸಿ, ಗಾಜಿನ ಹಿಂದೆಯೂ ಮುಂದೆಯೂ ಚಿನ್ನದ ರೇಕನ್ನು ಅಂಟಿಸಿ, ದೊರೆಯ ತಲೆಯ ಮೇಲೆ ತೆಗೆಯಬಹುದಾದ ಗಿಲೀಟಿನ ಕಿರೀಟವನ್ನಿಟ್ಟರು. ಚಿತ್ರದ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಮತ್ತೊಂದು ಕೈಯಿಂದ ಕಿರೀಟವನ್ನು ಎತ್ತಹೋದವನಿಗೆ ಭಯಂಕರವಾದ ಪೆಟ್ಟು ಬೀಳುತ್ತಿತ್ತು. ಆಡಿಸುವವನು ರೇಕು ತಾಕದ ಮೇಲಂಚನ್ನು ಹಿಡಿದು ಕಿರೀಟವನ್ನು ಸಲೀಸಾಗಿ ಮುಟ್ಟಿ, ಇದು ತನ್ನ ರಾಜಭಕ್ತಿಯ ಫಲವೆಂದು ಹೇಳಿಕೊಳ್ಳುತ್ತಿದ್ದನು. ಹಲವರು ಕೈಹಿಡಿದು ನಿಂತು ಪೆಟ್ಟು ತಿಂದರೆ ಅದಕ್ಕೆ ರಾಜದ್ರೋಹಿಗಳ ಆಟವೆಂದು ಹೆಸರು. ಮುಂದೆ ಆ ದೊರೆಯ ಮೊಮ್ಮಗನ ಕಿರೀಟಕ್ಕೆ ನಿಜವಾಗಿ ಕೈಯಿಕ್ಕಿದವರಲ್ಲಿ ಫ್ರಾಂಕ್ಲಿನ್ನನೂ ಒಬ್ಬನಾದುದನ್ನು ನೆನೆದರೆ ನಗು ಬರುತ್ತದೆ.

ವಾಚಕರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ಆ ಚಿತ್ರಪಟವು ಚಿತ್ರಪಟವಲ್ಲ; ಚಪ್ಪಟೆಯಾದ ಲೈಡನ್ ಜಾಡಿಯೇ. ಗಾಜು ನಡುವೆ, ಲೋಹ ಎರಡು ಕಡೆ. ಇಂದು ಕೆಪಾಸಿಟರ್ ಎಂಬ ಹೆಸರಿನಿಂದ ಇದೇ ವಸ್ತುವು ನಮ್ಮ ಮನೆಯ ಬಹುಪಾಲು ವಿದ್ಯುತ್ ಸಾಮಾನುಗಳೊಳಗೆ ಕುಳಿತಿದೆ. ಮಕ್ಕಳು ತಂಗಿಯರನ್ನು ಹೆದರಿಸಲು ಕೈಗೆತ್ತಿಕೊಳ್ಳುವ ಸೊಳ್ಳೆಯ ಬ್ಯಾಟಿನೊಳಗೂ ಅದೇ ಇದೆ. ಗುಂಡಿಯನ್ನು ಬಿಟ್ಟ ಮೇಲೆಯೂ ಅದರ ಜಾಲರಿಯಲ್ಲಿ ಸ್ವಲ್ಪ ಹೊತ್ತು ಶಕ್ತಿಯು ಉಳಿದಿರಬಹುದು. ಹಳೆಯ ಕ್ಯಾಮೆರಾದ ಬೆಳಕಿನ ಪೆಟ್ಟಿಗೆಯನ್ನು ಬಿಚ್ಚಿ ಆಟದ ಸಾಮಾನು ಮಾಡಹೊರಟ ಹುಡುಗರಿಗೆ ಬ್ಯಾಟರಿಯನ್ನು ತೆಗೆದಿದ್ದೇವೆಂಬ ಧೈರ್ಯವಿರುತ್ತದೆ. ಜಾಡಿಯಾದರೋ ಬ್ಯಾಟರಿಯನ್ನು ತೆಗೆದರೂ ಬರಿದಾಗದು, ಮುನ್ನೂರು ವೋಲ್ಟುಗಳಷ್ಟನ್ನು ಹೊತ್ತುಕೊಂಡು ಮುಟ್ಟುವವನಿಗಾಗಿ ಕಾದಿರುತ್ತದೆ. ಇದು ತಿಳಿಯದೆ ಪೆಟ್ಟು ತಿಂದವರಲ್ಲಿ ಮೊದಲಿಗರು ಹುಡುಗರೇನೂ ಅಲ್ಲ.

1749ರ ಬೇಸಗೆಯಲ್ಲಿ ಪ್ರಯೋಗಗಳು ತುಸು ನಿಂತಿರಲು, ಷುಯ್‌ಲ್‌ಕಿಲ್ ನದಿಯ ದಡದಲ್ಲಿ ಒಂದು ವನಭೋಜನವನ್ನು ನಡೆಯಿಸಬೇಕೆಂದು ಫ್ರಾಂಕ್ಲಿನ್ನನು ಹವಣಿಸಿದನು. ಟರ್ಕಿ ಕೋಳಿಯನ್ನು ವಿದ್ಯುತ್ತಿನ ಪೆಟ್ಟಿನಿಂದಲೇ ಕೊಲ್ಲುವುದು, ವಿದ್ಯುತ್ತಿನಿಂದ ತಿರುಗುವ ಸಲಾಕೆಯ ಮೇಲೆ ಸುಡುವುದು, ಜಾಡಿಯ ಕಿಡಿಯಿಂದಲೇ ಬೆಂಕಿ ಹೊತ್ತಿಸುವುದು, ಇದು ಅವನ ಯೋಜನೆ. ಮುಂದೆ ಕೋಳಿಗಳ ಮೇಲೆ ಪ್ರಯೋಗವೂ ನಡೆಯಿತು. ಆರಾರು ಗ್ಯಾಲನ್ ಹಿಡಿಯುವ ಎರಡು ದೊಡ್ಡ ಜಾಡಿಗಳ ಪೆಟ್ಟಿಗೆ ಸಾಮಾನ್ಯ ಕೋಳಿಗಳು ಅಲ್ಲಿಯೇ ಸತ್ತವು. ಟರ್ಕಿ ಕೋಳಿಗಳಾದರೋ ಒದ್ದಾಡಿ, ಸತ್ತಂತೆ ಬಿದ್ದಿದ್ದು, ಕಾಲು ಗಂಟೆಯೊಳಗಾಗಿ ಚೇತರಿಸಿಕೊಂಡವು. ಹತ್ತು ಪೌಂಡು ತೂಕದ ಒಂದನ್ನು ಕೊಲ್ಲಲು ಐದು ಜಾಡಿಗಳು ಬೇಕಾದವು.

1750ನೆಯ ಇಸವಿ ಡಿಸೆಂಬರ್ 23ನೆಯ ತಾರೀಖಿನ ರಾತ್ರಿ ಎರಡು ದೊಡ್ಡ ಜಾಡಿಗಳು ತುಂಬಿ ನಿಂತಿದ್ದುವು. ನಾಲ್ವತ್ತು ಸಾಮಾನ್ಯ ಜಾಡಿಗಳಲ್ಲಿ ಹಿಡಿಯುವಷ್ಟು ಶಕ್ತಿಯು ಅವೆರಡರಲ್ಲಿ ಇದ್ದಿತು. ಕೋಳಿಯು ಸಿದ್ಧವಾಗಿತ್ತು. ಸುತ್ತಲೂ ಸ್ನೇಹಿತರು ನೆರೆದು, ತಮ್ಮ ತಮ್ಮಲ್ಲಿಯೂ ಅವನೊಡನೆಯೂ ಮಾತನಾಡುತ್ತಿದ್ದರು. ಜಾಡಿಗಳ ಹೊರಮೈಗೆ ತಗಲಿಸಿದ್ದ ಸರಪಣಿಯು ಅವನ ಒಂದು ಕೈಯಲ್ಲಿತ್ತು. ಮಾತಿನ ಗದ್ದಲದಲ್ಲಿ ಮನಸ್ಸು ಅತ್ತ ಇತ್ತ ಹರಿದು, ಅವನು ಮತ್ತೊಂದು ಕೈಯನ್ನು ಮೇಲಿನ ತಂತಿಗಳಿಗೆ ಚಾಚಿದನು.

ನೋಡಿದವರು ಹೇಳಿದ ಪ್ರಕಾರ ದೊಡ್ಡ ಬೆಳಕು ಹೊಳೆಯಿತು, ಪಿಸ್ತೂಲು ಹಾರಿಸಿದಂತೆ ಸದ್ದಾಯಿತು. ಅವನು ಆ ಬೆಳಕನ್ನು ಕಾಣಲಿಲ್ಲ, ಆ ಸದ್ದನ್ನು ಕೇಳಲಿಲ್ಲ; ಪ್ರಜ್ಞೆಯು ಅದಕ್ಕೆ ಮುಂಚೆಯೇ ಹೋಗಿತ್ತು. ತಲೆಯಿಂದ ಅಂಗಾಲಿನ ತನಕ ದೇಹದ ಒಳಗೂ ಹೊರಗೂ ಒಂದೇ ಪೆಟ್ಟು ಬಿದ್ದಂತೆ ತೋರಿತು. ಆ ಮೇಲೆ ಮೈಯೆಲ್ಲಾ ವೇಗವಾಗಿ ನಡುಗಿ, ಮೆಲ್ಲಮೆಲ್ಲನೆ ನಿಂತಿತು. ಸರಪಣಿಯನ್ನು ಹಿಡಿದಿದ್ದ ಕೈಬೆರಳುಗಳು ರಕ್ತವೇ ಇಲ್ಲದಂತೆ ಬಿಳಿಚಿ, ಎಂಟು ಹತ್ತು ನಿಮಿಷಗಳ ತನಕ ಹೆಣದ ಮಾಂಸದಂತೆ ಜಡವಾಗಿದ್ದುವು. ತೋಳುಗಳಲ್ಲಿಯೂ ಕತ್ತಿನ ಹಿಂದೆಯೂ ಜೋಮು ಮರುದಿನ ಬೆಳಗಿನವರೆಗೆ ಉಳಿಯಿತು. ಎದೆಯ ಎಲುಬಿನ ನೋವು ಒಂದು ವಾರದ ತನಕ ಹೋಗಲಿಲ್ಲ.

ಎದೆಯ ಎಲುಬು ನೊಂದುದೇಕೆ? ಪೆಟ್ಟು ಒಂದು ಕೈಯಿಂದ ಒಳಹೊಕ್ಕು ಮತ್ತೊಂದು ಕೈಯಿಂದ ಹೊರಬಿದ್ದಿತು. ಅವೆರಡರ ನಡುವೆ ಇರುವುದು ಎದೆ, ಎದೆಯೊಳಗೆ ಇರುವುದು ಗುಂಡಿಗೆ. ಇಂದಿನ ವಿದ್ಯುತ್ ಕೆಲಸಗಾರರು ತುಂಬಿದ ಯಂತ್ರದ ಬಳಿಯಲ್ಲಿ ಒಂದು ಕೈಯನ್ನು ಬೆನ್ನ ಹಿಂದಕ್ಕೋ ಜೇಬಿಗೋ ಹಾಕಿಕೊಳ್ಳುವ ವಾಡಿಕೆಯನ್ನು ಕಂಡವರು ಅದರ ಅರ್ಥವನ್ನು ಇಲ್ಲಿ ತಿಳಿಯಬಹುದು. ಲೈಡನ್ ಜಾಡಿಯು ಒಮ್ಮೆ ಹೊಡೆದು ಬರಿದಾಗುತ್ತದೆ. ನಮ್ಮ ಗೋಡೆಯ 230 ವೋಲ್ಟಿನ ರಂಧ್ರಕ್ಕೆ ಆ ದಯೆಯಿಲ್ಲ. ಅದು ಬರಿದಾಗುವುದೂ ಇಲ್ಲ, ಹಿಡಿದ ಕೈಯ ಸ್ನಾಯುಗಳನ್ನು ಬಿಗಿದು ಬಿಡಿಸಿಕೊಳ್ಳಲೂ ಬಿಡದು. ಗೆಳೆಯನ ಕುರ್ಚಿಗೆ ತಂತಿ ಕಟ್ಟಿ ನಗಬೇಕೆಂದಿರುವ ಬಾಲಕನಿಗೆ ತಾಯಂದಿರು ಈ ವ್ಯತ್ಯಾಸವೊಂದನ್ನಾದರೂ ಬಿಡಿಸಿ ಹೇಳಬೇಕು.

ಮರುದಿನವಲ್ಲ, ಅದರ ಮರುದಿನ, ಡಿಸೆಂಬರ್ 25ರಂದು, ಫ್ರಾಂಕ್ಲಿನ್ನನು ಇದೆಲ್ಲವನ್ನೂ ಬಾಸ್ಟನ್ನಿಗೆ ಕಾಗದ ಬರೆದು ತಿಳಿಸಿದನು. ಅದು ಅಣ್ಣನಾದ ಜಾನನಿಗೆ ಬರೆದುದೆಂದು ತಿಳಿದವರ ಅಭಿಪ್ರಾಯ. ಪೆಟ್ಟಿನ ಒಂದೊಂದು ಲಕ್ಷಣವನ್ನೂ, ತಾನು ಏಕೆ ಮೈಮರೆತೆನೆಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದನು. ಕಾದ ಕಬ್ಬಿಣದಿಂದ ಮದ್ದಿನ ಪೀಪಾಯಿಗೆ ತೂತು ಕೊರೆದು ಮದ್ದನ್ನು ಕದಿಯಹೋದ ಮೂಢನಿಗೆ ತನ್ನನ್ನು ಹೋಲಿಸಿಕೊಂಡನು. ಬಳಿಕ ಒಂದು ಬೇಡಿಕೆ: ಇಂಥ ಪ್ರಯೋಗಗಳನ್ನು ಮಾಡುತ್ತಿದ್ದ ಬೌಡೆನ್ ಎಂಬ ಮಿತ್ರನಿಗೆ ಎಚ್ಚರಿಕೆಗಾಗಿ ಇದನ್ನು ತೋರಿಸಬಹುದು, ಅದಕ್ಕಿಂತ ಹೆಚ್ಚು ಪ್ರಚಾರ ಮಾಡಬಾರದು, ತನಗೆ ನಾಚಿಕೆಯಾಗುತ್ತದೆ.

ನಮ್ಮ ಎಣಿಕೆಯಲ್ಲಿ ಅವನ ಜೀವಿತದ ಮುಖ್ಯವಾದ ಕಾಗದಗಳಲ್ಲಿ ಇದೊಂದು. ಗೆದ್ದ ಪ್ರಯೋಗವನ್ನು ಬರೆಯುವುದು ಸುಲಭ. ನಲ್ವತ್ತನಾಲ್ಕು ವರುಷದ ಗೌರವಸ್ಥನು, ಊರಿಗೆಲ್ಲ ಬುದ್ಧಿ ಹೇಳುವ ಪಂಚಾಂಗಕರ್ತನು, ನಾಚುತ್ತಲೇ, ಆ ನಾಚಿಕೆಯನ್ನು ಅಡಗಿಸಿಕೊಳ್ಳದೆ, ಇನ್ನೊಬ್ಬನು ಸಾಯದಿರಲೆಂದು ತನ್ನ ಮೂರ್ಖತನವನ್ನು ವಿವರವಾಗಿ ಬರೆದುದು ಸುಲಭವಲ್ಲ. ವಿಷಾದದ ಸಂಗತಿಯೆಂದರೆ, ಮರುವರುಷ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಪ್ರಸಂಗವು ವರದಿಯಾದಾಗ, ಮನುಷ್ಯನು ನಾವೆಣಿಸಿದುದಕ್ಕಿಂತ ದೊಡ್ಡ ಪೆಟ್ಟನ್ನು ತಾಳಬಲ್ಲನೆಂಬುದಕ್ಕೆ ಸಾಕ್ಷ್ಯವಾಗಿ ಅದು ಉಪಯೋಗವಾಯಿತು. ಬದುಕಿ ಉಳಿದವನ ಕಥೆಗೆ ಇದೊಂದು ಕೇಡು. ಕೇಳಿದವರು ಎಚ್ಚರಿಕೆಯನ್ನು ಬಿಟ್ಟು ಉಳಿದುದನ್ನು ಮಾತ್ರ ನೆನಪಿನಲ್ಲಿಡುತ್ತಾರೆ.

ಅವನು ತಾನೇ ಪೂರ್ಣವಾಗಿ ನೆನಪಿಟ್ಟನೆಂದು ಹೇಳಲಾಗದು. ಆ ಕಾಲದಲ್ಲಿ ಪಾರ್ಶ್ವವಾಯುವಿನಿಂದ ನರಳುವವರನ್ನು ದೂರದೂರದಿಂದ ಅವನ ಬಳಿಗೆ ಕರೆತರುತ್ತಿದ್ದರು. ಒಂದು ದಿನ ಒಬ್ಬ ರೋಗಿಗೂ ಅವನ ಬಂಧುಗಳಿಗೂ ಕೈಹಿಡಿಸಿ ಪೆಟ್ಟು ಕೊಡಲು ಎರಡು ಜಾಡಿಗಳನ್ನು ತುಂಬಿದನು. ಜನ ಹೆಚ್ಚಾದುದರಿಂದ ತಾನು ಯಾವಾಗಲೂ ನಿಲ್ಲುವ ಸ್ಥಳವನ್ನು ಬಿಟ್ಟು ಬೇರೊಂದೆಡೆ ನಿಂತನು. ಅಲ್ಲಿ, ತಲೆಯಿಂದ ಎರಡೇ ಅಂಗುಲ ಮೇಲೆ, ಜಾಡಿಗಳ ಹೊರಮೈಗೆ ತಂತಿಯಿಂದ ಕೂಡಿದ್ದ ಒಂದು ಕಬ್ಬಿಣದ ಕೊಕ್ಕೆಯು ಛಾವಣಿಯಿಂದ ತೂಗುತ್ತಿತ್ತು. ಪೆಟ್ಟು ರೋಗಿಗೆ ಹೋಗದೆ ಅವನ ತಲೆಯ ಮೂಲಕವೇ ಹರಿಯಿತು. ನೆಲದ ಮೇಲೆ ಬಿದ್ದಿದ್ದವನು ಎದ್ದು, ಏನಾಯಿತೆಂದು ತಿಳಿಯದೆ, ಜಾಡಿಗಳನ್ನು ಮತ್ತೆ ಹಾರಿಸಲು ಹೊರಟನಂತೆ; ಅವು ಆಗಲೇ ಬರಿದಾಗಿವೆಯೆಂದು ನೆರೆದವರು ಹೇಳಿದರೂ ಮೊದಲು ನಂಬಲಿಲ್ಲ. ಈ ಪ್ರಸಂಗವನ್ನು ಅವನು ಎಷ್ಟೋ ವರುಷಗಳ ಬಳಿಕ, 1785ರಲ್ಲಿ, ಮಿತ್ರನೊಬ್ಬನಿಗೆ ಬರೆದನು. ಎರಡು ಸಲವೂ ಸುತ್ತ ಜನ. ಎರಡು ಸಲವೂ ಪೆಟ್ಟು ಬಿದ್ದುದು ಗುರಿಯಿಟ್ಟವನಿಗೇ. ಚಿಕಿತ್ಸೆಯ ವಿಷಯದಲ್ಲಿಯೂ ಅವನು ಸತ್ಯವನ್ನೇ ಹೇಳಿದನು: ಕೆಲವು ದಿನ ಗುಣವಾದಂತೆ ತೋರಿದರೂ ಶಾಶ್ವತವಾದ ಪ್ರಯೋಜನವನ್ನು ತಾನು ಕಾಣಲಿಲ್ಲವೆಂದು 1757ರಲ್ಲಿ ಬರೆದನು.

ಇನ್ನು ಮಿಂಚಿನ ಸಂಗತಿ. ಎತ್ತರದ ಸ್ಥಳದಲ್ಲಿ ಮೊನಚಾದ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿ ಮೋಡದಿಂದ ವಿದ್ಯುತ್ತನ್ನು ಸೆಳೆಯಬಹುದೆಂಬ ಅವನ ಸೂಚನೆಯು 1751ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಫ್ರಾನ್ಸಿನ ದಾಲಿಬಾರ್ ಎಂಬವನು ಮಾರ್ಲಿ ಎಂಬ ಹಳ್ಳಿಯಲ್ಲಿ ನಾಲ್ವತ್ತು ಅಡಿಯ ಸಲಾಕೆಯನ್ನು ನಿಲ್ಲಿಸಿದನು. 1752ರ ಮೇ 10ರಂದು, ದಾಲಿಬಾರನು ಊರಲ್ಲಿಲ್ಲದಾಗ, ಅವನು ಕಾವಲಿಟ್ಟಿದ್ದ ಒಬ್ಬ ಹಳೆಯ ಸಿಪಾಯಿಯೂ ಊರಿನ ಪಾದ್ರಿಯೂ ಅದರಿಂದ ಕಿಡಿಗಳನ್ನು ಹಾರಿಸಿದರು. ಇದು ತಿಳಿಯುವುದಕ್ಕೆ ಮುಂಚೆಯೇ ಫ್ರಾಂಕ್ಲಿನ್ನನು ಮಗನಾದ ವಿಲಿಯಮ್ಮನೊಡನೆ ರೇಷ್ಮೆ ಬಟ್ಟೆಯ ಗಾಳಿಪಟವನ್ನು ಹಾರಿಸಿದನು. ಸೆಣಬಿನ ದಾರದ ತುದಿಗೆ ಬೀಗದ ಕೈ. ಅದಕ್ಕೂ ಕೈಗೂ ನಡುವೆ ರೇಷ್ಮೆಯ ಪಟ್ಟಿ. ಆ ಪಟ್ಟಿಯು ನೆನೆಯದಂತೆ ಅವನು ಬಾಗಿಲೊಳಗೆ ನಿಂತಿದ್ದನು. ಚಿತ್ರಗಳಲ್ಲಿ ಬರೆಯುವಂತೆ ಸಿಡಿಲು ಗಾಳಿಪಟಕ್ಕೆ ಬಡಿಯಲಿಲ್ಲ. ಬಡಿದಿದ್ದರೆ ರೇಷ್ಮೆಯ ಪಟ್ಟಿಯೂ ಬಾಗಿಲೂ ಅವನನ್ನು ಕಾಪಾಡುತ್ತಿರಲಿಲ್ಲ.

ಮರುವರುಷ ಅದು ಸಿದ್ಧವಾಯಿತು. ರಷ್ಯಾದೇಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಖ್‌ಮನ್ ಎಂಬ ವಿದ್ವಾಂಸನು ಮನೆಯ ಮಾಡಿನ ಸಲಾಕೆಯಿಂದ ಕೊಠಡಿಯೊಳಕ್ಕೆ ತಂತಿಯನ್ನು ತಂದು, ನೆಲಕ್ಕೆ ಸೇರಿಸದೆ, ಅಳತೆಯ ಸಲಕರಣೆಗೆ ಕಟ್ಟಿದ್ದನು. 1753ರ ಆಗಸ್ಟ್ 6ರಂದು ಗುಡುಗಿನ ಸದ್ದು ಕೇಳಿ, ಅಕಾಡೆಮಿಯ ಸಭೆಯಿಂದೆದ್ದು, ಚಿತ್ರ ಕೆತ್ತುವವನೊಬ್ಬನನ್ನು ಕರೆದುಕೊಂಡು ಮನೆಗೆ ಧಾವಿಸಿದನು. ಅಳತೆಯನ್ನು ನೋಡಲು ಬಾಗುವಷ್ಟರಲ್ಲಿ ಸಲಾಕೆಯಿಂದ ನೀಲಿಬಿಳುಪಿನ ಬೆಂಕಿಯ ಉಂಡೆಯೊಂದು ಅವನ ಹಣೆಗೆ ಹಾರಿತು. ಅವನು ಸದ್ದಿಲ್ಲದೆ ಸತ್ತು ಬಿದ್ದನು. ಕಾಲಿನ ಪಾದರಕ್ಷೆಯು ಹರಿದುಹೋಗಿತ್ತು. ಬಾಗಿಲಿನ ಚೌಕಟ್ಟು ಸೀಳಿತ್ತು. ಜೊತೆಯವನು ಮೂರ್ಛೆ ಹೋಗಿದ್ದನು. ರಿಖ್‌ಮನ್ನನಿಗೆ ಆಗ ವಯಸ್ಸು 42. ಅವನ ತಪ್ಪು ಒಂದೇ: ಸಲಾಕೆಗೆ ಭೂಮಿಯ ಹಾದಿಯಿರಲಿಲ್ಲ, ಹಾದಿಯಾಗಿ ನಿಂತವನು ಅವನೇ.

ಫಿಲಡೆಲ್ಫಿಯಾದ ಮನೆಯಲ್ಲಿಯೂ ಸಲಾಕೆಯಿದ್ದಿತು. 1752ರ ಸೆಪ್ಟೆಂಬರಿನಲ್ಲಿ ಫ್ರಾಂಕ್ಲಿನ್ನನು ಅದನ್ನು ನಿಲ್ಲಿಸಿ, ತಂತಿಯನ್ನು ಮೆಟ್ಟಿಲುಗಳ ಪಕ್ಕದಲ್ಲಿ ಇಳಿಸಿ ನೆಲಕ್ಕೆ ಮುಟ್ಟಿಸಿದನು. ಆದರೆ ನಡುವೆ ಆರು ಅಂಗುಲ ಕತ್ತರಿಸಿ, ಎರಡು ತುದಿಗಳಿಗೂ ಒಂದೊಂದು ಗಂಟೆಯನ್ನು ಕಟ್ಟಿ, ನಡುವೆ ರೇಷ್ಮೆಯ ಎಳೆಯಲ್ಲಿ ಹಿತ್ತಾಳೆಯ ಗುಂಡನ್ನು ತೂಗಬಿಟ್ಟನು. ಮೋಡದಲ್ಲಿ ವಿದ್ಯುತ್ತಿದ್ದರೆ ಗಂಟೆಗಳು ತಾವಾಗಿಯೇ ಬಾರಿಸುತ್ತಿದ್ದುವು. ಒಂದು ರಾತ್ರಿ ಬೆರಳಿನಷ್ಟು ದಪ್ಪದ ಬಿಳಿಯ ಬೆಂಕಿಯ ಧಾರೆಯು ಗಂಟೆಯಿಂದ ಗಂಟೆಗೆ ಹರಿದು, ಬಿದ್ದ ಗುಂಡುಸೂಜಿಯನ್ನು ಹುಡುಕಿ ತೆಗೆಯಬಹುದಾದಷ್ಟು ಬೆಳಕನ್ನು ಮೆಟ್ಟಿಲುಗಳ ಮೇಲೆ ಚೆಲ್ಲಿತು. ಗಂಡನಿಗೆ ಇದು ಪರಮಾನಂದ. ಅಡಿಗೆ, ಅಂಗಡಿ, ಮಗು ಎಲ್ಲವನ್ನೂ ನೋಡಿಕೊಳ್ಳುತ್ತಾ ಅದೇ ಮೆಟ್ಟಿಲನ್ನು ದಿನವೂ ಹತ್ತಿಳಿಯಬೇಕಾಗಿದ್ದ ಡೆಬೊರಾಳ ಪಾಡೇನು? 1757ರಲ್ಲಿ ಅವನು ಕಾರ್ಯಾರ್ಥವಾಗಿ ಲಂಡನ್ನಿಗೆ ಹೊರಟುಹೋದ ಮೇಲೆ ಆಕೆಯು ಗಂಟೆಗಳೊಡನೆ ಒಬ್ಬಳೇ ಉಳಿದಳು. ಮರುವರುಷ ಅವನು ಲಂಡನ್ನಿನಿಂದ ಉಪಾಯವನ್ನು ಬರೆದು ಕಳುಹಿಸಿದನು: ಭಯವಾಗುವುದಾದರೆ ಒಂದು ಗಂಟೆಯಿಂದ ಇನ್ನೊಂದಕ್ಕೆ ಒಂದು ತುಂಡು ತಂತಿಯನ್ನು ಕಟ್ಟಿಬಿಡಬೇಕು, ಮಿಂಚು ಸದ್ದಿಲ್ಲದೆ ಇಳಿದುಹೋಗುವುದು. ಆ ತುಂಡು ತಂತಿಯನ್ನು ಮೊದಲ ದಿನವೇ ಕಟ್ಟಿದ್ದರೆ ವಿಜ್ಞಾನಕ್ಕೆ ಸ್ವಲ್ಪ ನಷ್ಟವಾಗುತ್ತಿತ್ತು, ಮನೆಗೆ ನಷ್ಟವಿರಲಿಲ್ಲ ಎಂದು ನಮಗೆ ತೋರುತ್ತದೆ.

ಸಾರ್ವಜನಿಕರ ವಿಷಯದಲ್ಲಿ ಅವನು ಹೆಚ್ಚು ಜಾಗರೂಕನಾಗಿದ್ದನು. 1753ರ ಪಂಚಾಂಗದಲ್ಲಿ ಮನೆ ಕೊಟ್ಟಿಗೆಗಳನ್ನು ಸಿಡಿಲಿನಿಂದ ಕಾಪಾಡುವ ಕ್ರಮವನ್ನು ಎಲ್ಲರಿಗೂ 'ಉಚಿತ'ವಾಗಿ ತಿಳಿಸಿದನು: ಮಾಡಿನಿಂದ ಮೇಲಕ್ಕೆ ಚಾಚಿದ ಸಲಾಕೆ, ಅದರ ಕೆಳತುದಿ ತೇವದ ನೆಲದೊಳಗೆ ಮೂರು ನಾಲ್ಕು ಅಡಿ ಆಳ. ಇದಕ್ಕೆ ಹಕ್ಕುಪತ್ರವನ್ನು ಪಡೆದು ಹಣ ಮಾಡಬಹುದಾಗಿದ್ದರೂ ಮಾಡಲಿಲ್ಲ. 1753ರಲ್ಲಿ ರಾಯಲ್ ಸೊಸೈಟಿಯು ಅವನಿಗೆ ಕಾಪ್ಲಿ ಪದಕವನ್ನು ಕೊಟ್ಟಿತು.

ಉಳಿದ ಮೂವತ್ತೇಳು ವರುಷಗಳು ಲೋಕಪ್ರಸಿದ್ಧ. ಲಂಡನ್ನಿನಲ್ಲಿ ವಸಾಹತುಗಳ ಪಕ್ಷವನ್ನು ವಾದಿಸಿದನು. ಅವನು ಅಲ್ಲಿರುವಾಗಲೇ 1774ರಲ್ಲಿ ಡೆಬೊರಾಳು ಊರಿನಲ್ಲಿ ತೀರಿಕೊಂಡಳು. ಹತ್ತು ವರುಷಗಳಿಂದ ಗಂಡನನ್ನು ನೋಡಿರಲಿಲ್ಲ. 1776ರಲ್ಲಿ ಸ್ವಾತಂತ್ರ್ಯದ ಘೋಷಣೆಗೆ ರುಜುಹಾಕಿ, ಫ್ರಾನ್ಸಿಗೆ ಹೋಗಿ, 1778ರಲ್ಲಿ ಸಖ್ಯವನ್ನೂ 1783ರಲ್ಲಿ ಸಂಧಿಯನ್ನೂ ನೆರವೇರಿಸಿದನು. ಗಾಳಿಪಟದ ದಾರವನ್ನು ಜೊತೆಗೆ ನಿಂತು ಕಾದ ಮಗ ವಿಲಿಯಮ್ಮನು ದೊರೆಯ ಪಕ್ಷವನ್ನು ಹಿಡಿದುದರಿಂದ ತಂದೆ ಮಕ್ಕಳ ನಡುವಣ ಮನಸ್ಸು ಮುರಿಯಿತು, ಮತ್ತೆ ಕೂಡಲಿಲ್ಲ. ಹಿಂದೆ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದವನು ವೃದ್ಧಾಪ್ಯದಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ಕೂಡಿದ ಸಂಘಕ್ಕೆ ಅಧ್ಯಕ್ಷನಾದನು.

1785ರಲ್ಲಿ ಅವನು ಫಿಲಡೆಲ್ಫಿಯಾಕ್ಕೆ ಹಿಂದಿರುಗಿದನು. ಡೆಬೊರಾಳು ನಿಂತು ಕಟ್ಟಿಸಿದ ಹೊಸ ಮನೆಯಲ್ಲಿ ಈಗ ಮಗಳಾದ ಸಾರಾಳ ಸಂಸಾರವು ತುಂಬಿತ್ತು. ಅವನು ಫ್ರಾನ್ಸಿನಲ್ಲಿದ್ದ ಕಾಲದಲ್ಲಿ ಒಂದು ದಿನ ಈ ಮನೆಗೆ ಸಿಡಿಲು ಬಡಿದು, ಬೆಂಕಿ ಹತ್ತಿರಬಹುದೆಂದು ನೆರೆಯವರು ನೀರು ಹೊಯ್ಯಲು ಓಡಿಬಂದಿದ್ದರು. ಮನೆಯವರು ಹೆದರಿ ನಡುಗುತ್ತಿದ್ದುದನ್ನು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಮುಂದೆ ಮನೆಯನ್ನು ವಿಸ್ತರಿಸುವಾಗ ಕೆಲಸಗಾರರು ಸಲಾಕೆಯನ್ನು ಕೆಳಗಿಳಿಸಿದರು. ಎಂಬತ್ತು ದಾಟಿದ ಮುದುಕನು ಅದನ್ನು ಪರೀಕ್ಷಿಸಿ ನೋಡಿದನು. ತುದಿಯಲ್ಲಿದ್ದ ಒಂಬತ್ತು ಅಂಗುಲದ ತಾಮ್ರದ ಮೊನೆಯು ಬಹುಮಟ್ಟಿಗೆ ಕರಗಿಹೋಗಿತ್ತು. ಕಂಡುಹಿಡಿದವನಿಗೂ ಕಡೆಗೆ ಅದರಿಂದ ಸ್ವಲ್ಪ ಉಪಯೋಗವಾಯಿತೆಂದು ಅವನು 1787ರಲ್ಲಿ ಇಟಲಿಯ ಮಿತ್ರನೊಬ್ಬನಿಗೆ ಬರೆದನು. 1790ರ ಏಪ್ರಿಲ್ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡನು.